ಹೋಗಿದ್ದೆ, ಹೋಗಿದ್ದರೆ, ಹೋಗಬಹುದಿತ್ತು: ಇಂಗ್ಲಿಷ್ ಕ್ರಿಯಾಪದಗಳಿಗೆ ಕನ್ನಡದ ದಾರಿ

ಹನಕೆರೆಯಿಂದ ಮಂಡ್ಯಕ್ಕೆ ಹೋಗಿ ಬಂದವರು ಮಾರನೆಯ ದಿನ ‘ನಿನ್ನೆ ಮಂಡ್ಯಕ್ಕೆ ಹೋಗಿದ್ದೆ’ ಎನ್ನುತ್ತಾರೆ. ಅಚ್ಚುಕಟ್ಟಾದ ಕನ್ನಡ. ಹೋದದ್ದೂ ಆಯಿತು, ವಾಪಸು ಬಂದದ್ದೂ ಆಯಿತು ಎಂಬುದು ಆ ಒಂದು ಪದದಲ್ಲೇ ಇದೆ. ಅದನ್ನೇ ಇಂಗ್ಲಿಷಿಗೆ ತಂದು ‘ಐ ಹ್ಯಾಡ್ ಗಾನ್ ಟು ಮಂಡ್ಯ ಯೆಸ್ಟರ್‌ಡೇ’ ಎಂದು ನಿಲ್ಲಿಸಿದರೆ, ಕೇಳುತ್ತಿರುವವರು ಮುಂದಿನ ಮಾತಿಗೆ ಕಾಯುತ್ತಾರೆ. ಹೋಗಿದ್ದಾಗ ಏನಾಯಿತು? ಮನೆಗೆ ಯಾರಾದರೂ ಬಂದರೇ? ಇಂಗ್ಲಿಷಿನಲ್ಲಿ ‘ಹ್ಯಾಡ್ ಗಾನ್’ ಬರಬೇಕಾದರೆ, ಹಿಂದೆ ನಡೆದ ಇನ್ನೊಂದು ಸಂಗತಿ ಇರಬೇಕು; ಅದಕ್ಕೂ ಮೊದಲೇ ಇದು ನಡೆದಿತ್ತು ಎಂದು ಹೇಳುವುದೇ ಅದರ ಕೆಲಸ. ಬರೀ ಹೋಗಿ ಬಂದ ಸುದ್ದಿಗೆ ‘ಐ ವೆಂಟ್ ಟು ಮಂಡ್ಯ ಯೆಸ್ಟರ್‌ಡೇ’ ಸಾಕು.

ಈ ತಪ್ಪು ಇಂಗ್ಲಿಷ್ ಬಾರದ್ದರಿಂದ ಆದದ್ದಲ್ಲ, ಕನ್ನಡ ಚೆನ್ನಾಗಿ ಬರುವುದರಿಂದ ಆದದ್ದು. ಹತ್ತು ಹನ್ನೆರಡು ವರ್ಷ ಶಾಲೆ ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿ, ಮಾತಿಗೆ ನಿಂತಾಗ ಮಾತ್ರ ಎಡವುವವರಲ್ಲಿ ಇಂಥ ತಪ್ಪುಗಳೇ ಹೆಚ್ಚು. 1930ರ ದಶಕದಿಂದ ನಮ್ಮ ಶಾಲೆಗಳಲ್ಲಿ ನಡೆದುಬಂದಿರುವ ರೆನ್ ಅಂಡ್ ಮಾರ್ಟಿನ್ ಪುಸ್ತಕವಾಗಲಿ, 1985ರಲ್ಲಿ ಬಂದ ರೇಮಂಡ್ ಮರ್ಫಿಯವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಆಗಲಿ ಕನ್ನಡಿಗರನ್ನು ಎದುರಿಗಿಟ್ಟುಕೊಂಡು ಬರೆದದ್ದಲ್ಲ. ನಮಗೆ ಯಾವುದು ಸಲೀಸು, ಯಾವುದು ಕಷ್ಟ ಎಂದು ಅವುಗಳಿಗೆ ಗೊತ್ತಿಲ್ಲ. ಹಾಗಾಗಿ ಎಲ್ಲ ಪಾಠಕ್ಕೂ ಒಂದೇ ತೂಕ. ನಾವು ಹಾಗೆ ಓದಬೇಕಾಗಿಲ್ಲ. ಎರಡು ಭಾಷೆ ಜೊತೆಯಲ್ಲಿ ನಡೆಯುವ ಕಡೆ ಬೇಗ ದಾಟಿಕೊಂಡು, ದಾರಿ ಕವಲೊಡೆಯುವ ಕಡೆ ಕೂತು ಅಭ್ಯಾಸ ಮಾಡಬೇಕು.

ಮೊದಲು ಕಾಲ. ತುಂಬಿತು, ತುಂಬಿದೆ, ತುಂಬಿತ್ತು, ತುಂಬುತ್ತಿದೆ, ತುಂಬುತ್ತಿತ್ತು. ಇಂಗ್ಲಿಷಿನಲ್ಲಿ ಹೆದರಿಸುವ ಹೆಸರುಗಳಿರುವ ರೂಪಗಳೆಲ್ಲ ನಮ್ಮ ಬಾಯಲ್ಲಿ ದಿನವೂ ಇವೆ. ‘ತುಂಬಿದೆ’ ಎಂಬುದು ಪ್ರೆಸೆಂಟ್ ಪರ್ಫೆಕ್ಟ್, ‘ತುಂಬಿತ್ತು’ ಹೆಚ್ಚುಕಡಿಮೆ ಪಾಸ್ಟ್ ಪರ್ಫೆಕ್ಟ್. ಇವನ್ನು ಅಕ್ಕಪಕ್ಕದಲ್ಲಿಟ್ಟು ನೋಡಲು ಮಂಡ್ಯ ಜಿಲ್ಲೆಯವರಿಗೆ ಕೆಆರ್‌ಎಸ್ ನೀರಿನ ಸುದ್ದಿಗಿಂತ ಒಳ್ಳೆಯ ಪಠ್ಯ ಇಲ್ಲ. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದವರು ಮೊದಲು ಹುಡುಕುವುದೇ ಅದನ್ನು. ಅದೇ ಸುದ್ದಿಯನ್ನು ‘ಡೆಕ್ಕನ್ ಹೆರಾಲ್ಡ್’ನಲ್ಲೋ, ಮೈಸೂರಿನ ಸಂಜೆ ಪತ್ರಿಕೆ ‘ಸ್ಟಾರ್ ಆಫ್ ಮೈಸೂರ್’ನಲ್ಲೋ ಓದಿ. ಸಾಮಾನ್ಯವಾಗಿ ಅದರ ನಡೆ ಹೀಗಿರುತ್ತದೆ. ತಲೆಬರಹ ವರ್ತಮಾನದಲ್ಲಿ: ‘ಕೆಆರ್‌ಎಸ್ ರೀಚಸ್ ಫುಲ್ ಲೆವೆಲ್’. ಮೊದಲ ಸಾಲು ಪರ್ಫೆಕ್ಟ್‌ನಲ್ಲಿ: ‘ದ ವಾಟರ್ ಲೆವೆಲ್ ಹ್ಯಾಸ್ ರೀಚ್ಡ್ 124.80 ಫೀಟ್’. ಏಕೆಂದರೆ ಸುದ್ದಿ ಈ ಹೊತ್ತಿನದು, ಅಣೆಕಟ್ಟೆ ಈಗ ತುಂಬಿ ನಿಂತಿದೆ. ಯಾವಾಗ ಎಂದು ಹೇಳಿದ ಕೂಡಲೇ ಕ್ರಿಯಾಪದ ಬದಲಾಗುತ್ತದೆ: ‘ಇಟ್ ಟಚ್ಡ್ ದ ಮಾರ್ಕ್ ಆನ್ ಸಂಡೇ ನೈಟ್’. ಕೊನೆಗೆ ಅದಕ್ಕೂ ಹಿಂದಿನ ಕಾರಣ: ‘ದ ಇನ್‌ಫ್ಲೋ ಹ್ಯಾಡ್ ಇನ್‌ಕ್ರೀಸ್ಡ್ ಆಫ್ಟರ್ ಹೆವಿ ರೇನ್ ಇನ್ ಕೊಡಗು’. ನಾಲ್ಕು ಸಾಲಿನಲ್ಲಿ ನಾಲ್ಕು ರೂಪ, ಒಂದೊಂದಕ್ಕೂ ಕಾರಣವಿದೆ. ಇಂಥ ಸುದ್ದಿಯನ್ನು ಕತ್ತರಿಸಿಟ್ಟುಕೊಂಡು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಪಕ್ಕದಲ್ಲಿ ‘ಏಕೆ ಈ ರೂಪ’ ಎಂದು ಕನ್ನಡದಲ್ಲೇ ಬರೆಯಿರಿ. ಆಮೇಲೆ ಪತ್ರಿಕೆ ಮುಚ್ಚಿಟ್ಟು ಸುದ್ದಿಯನ್ನು ಬಾಯಲ್ಲಿ ಹೇಳಿ.

ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ನಮಗೆ ಎಡವಟ್ಟಾಗುವುದು ಎರಡೇ ಕಡೆ. ಕನ್ನಡದಲ್ಲಿ ‘ಅವರು ನಿನ್ನೆ ಬಂದಿದ್ದಾರೆ’ ಎಂದರೆ ಏನೂ ತಪ್ಪಿಲ್ಲ. ಇಂಗ್ಲಿಷ್ ಒಪ್ಪುವುದಿಲ್ಲ; ನಿನ್ನೆ, ಹೋದ ವಾರ, 2025ರಲ್ಲಿ ಎಂದು ಮುಗಿದುಹೋದ ಕಾಲವನ್ನು ಬೊಟ್ಟು ಮಾಡಿದರೆ ‘ಹ್ಯಾವ್’ ಅಲ್ಲಿ ಉಳಿಯುವಂತಿಲ್ಲ. ‘ದ ಡ್ಯಾಮ್ ಫಿಲ್ಡ್ ಇನ್ ಜೂನ್ 2025’, ಅಷ್ಟೇ. ಇನ್ನೊಂದು, ‘ಹತ್ತು ವರ್ಷದಿಂದ ಹನಕೆರೆಯಲ್ಲಿದ್ದೇನೆ’ ಎನ್ನುವ ಕಡೆ. ನಮಗೆ ಅದು ವರ್ತಮಾನ, ಆದ್ದರಿಂದ ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದು ಬಂದುಬಿಡುತ್ತದೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಇಂಗ್ಲಿಷ್ ಕೇಳುವುದು ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’. ಎಷ್ಟು ಕಾಲ ಎಂಬುದಕ್ಕೆ ‘ಫಾರ್’, ಯಾವಾಗಿನಿಂದ ಎಂಬುದಕ್ಕೆ ‘ಸಿನ್ಸ್’. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ: ‘ಮಂಡ್ಯ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1939. ಇಟ್ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1939’. ಈ ಎರಡು ವಾಕ್ಯಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಿ. ನಿಮ್ಮ ಮದುವೆ, ಕೆಲಸ, ಮನೆ, ಓದು ಎಲ್ಲವನ್ನೂ ಇದೇ ಜೋಡಿಯಲ್ಲಿ ಹೇಳಿ ನೋಡಿ.

ಪಾಸ್ಟ್ ಪರ್ಫೆಕ್ಟ್‌ಗೆ ಹನಕೆರೆ ರೈಲ್ವೆ ನಿಲ್ದಾಣಕ್ಕೇ ಹೋಗೋಣ. ಮದ್ದೂರು ಮತ್ತು ಮಂಡ್ಯ ನಡುವಿನ ಸಣ್ಣ ನಿಲ್ದಾಣ ಅದು. ರೈಲು ನಿಲ್ಲುವುದೂ ಸ್ವಲ್ಪ ಹೊತ್ತು. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’: ಖಾಲಿ ಪ್ಲಾಟ್‌ಫಾರಂ, ರೈಲು ಆಗಲೇ ಹೋಗಿತ್ತು. ‘ದ ಟ್ರೈನ್ ವಾಸ್ ಲೀವಿಂಗ್’: ಕಣ್ಣೆದುರೇ ಚಲಿಸುತ್ತಿದೆ, ಓಡಿದರೆ ಸಿಕ್ಕರೂ ಸಿಗಬಹುದು, ಓಡಬಾರದು. ‘ದ ಟ್ರೈನ್ ಲೆಫ್ಟ್’: ನಾನು ಬಂದೆ, ಅದು ಹೊರಟಿತು, ಒಂದರ ಹಿಂದೆ ಒಂದು. ಮೂರು ವಾಕ್ಯಗಳಿಗೆ ಮೂರು ಚಿತ್ರ ಬರೆಯಬಹುದು. ಹೀಗೆ ಚಿತ್ರ ಬದಲಾಗುವುದನ್ನು ಕಾಣುವವರೆಗೆ ಟೆನ್ಸ್ ಎಂಬುದು ಬರೀ ಕೋಷ್ಟಕ. ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳುವವರು ಕರಿಹಲಗೆಯ ಮೇಲೆ ಈ ಮೂರು ಚಿತ್ರ ಬಿಡಿಸಿದರೆ ಪಾಠದ ಅರ್ಧ ಮುಗಿಯಿತು. ಕಥೆಗಳಲ್ಲಿ ಇದನ್ನು ಹಿಡಿಯಬೇಕಾದರೆ ಆರ್.ಕೆ. ನಾರಾಯಣ್ ಅವರ ‘ಮಾಲ್ಗುಡಿ ಡೇಸ್’ ಓದಿ. ಸರಳ ಇಂಗ್ಲಿಷ್, ನಮ್ಮ ಸೀಮೆಯ ಜನ. ‘ಹ್ಯಾಡ್’ ಬಂದ ಕಡೆಯೆಲ್ಲ ಕಥೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಬರುವುದು ಕಾಣುತ್ತದೆ.

ಭವಿಷ್ಯತ್ತಿನ ಕಥೆ ಬೇರೆ. ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’, ಎರಡಕ್ಕೂ ಕನ್ನಡದಲ್ಲಿ ರೂಪ ಒಂದೇ. ಶಾಲೆಯಲ್ಲಿ ನಾವು ಮೂರು ಕಾಲ ಕಲಿತರೂ ಕನ್ನಡದಲ್ಲಿ ನಿಜವಾಗಿ ಇರುವುದು ಆದದ್ದು, ಆಗದೆ ಇರುವುದು ಎಂಬ ಎರಡೇ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರು. ಹಾಗಾಗಿ ನಾಳೆಯ ಮಾತು ಬಂದರೆ ನಾವು ಎಲ್ಲಕ್ಕೂ ‘ವಿಲ್’ ಹಚ್ಚಿಬಿಡುತ್ತೇವೆ. ವೇಳಾಪಟ್ಟಿಯ ವಿಷಯವಾದರೆ ‘ದ ಟ್ರೈನ್ ಲೀವ್ಸ್ ಅಟ್ ಸೆವೆನ್’. ಟಿಕೆಟ್ ತೆಗೆದಾಗಿದೆ, ಯಾರಿಗೋ ಹೇಳಿಯೂ ಆಗಿದೆ ಎಂದರೆ ‘ಐ ಆಮ್ ಗೋಯಿಂಗ್ ಟು ಬೆಂಗಳೂರು ಟುಮಾರೋ’. ಮೋಡ ಕವಿದಿರುವುದು ಕಾಣುತ್ತಿದ್ದರೆ ‘ಇಟ್ ಈಸ್ ಗೋಯಿಂಗ್ ಟು ರೇನ್’. ಫೋನಿನಲ್ಲಿ ಮಾತಾಡುತ್ತಲೇ ತೀರ್ಮಾನಿಸಿದ್ದಾದರೆ ‘ಐ ವಿಲ್ ಕಾಲ್ ಯು ಬ್ಯಾಕ್’. ನಿಮ್ಮ ನಾಳೆಯ ಕೆಲಸಗಳನ್ನು ರಾತ್ರಿ ಈ ನಾಲ್ಕು ಬಗೆಯಲ್ಲಿ ಬೇರ್ಪಡಿಸಿ ಹೇಳಿದರೆ ಸಾಕು. ಇದಕ್ಕೆ ಪುಸ್ತಕ ಬೇಡ.

ಇನ್ನು ಕಂಡೀಷನಲ್, ಎಸ್ಸೆಸ್ಸೆಲ್ಸಿ ಮಕ್ಕಳ ಬಾಯಲ್ಲಿ ‘ಇಫ್ ಕ್ಲಾಸ್’. ಕನ್ನಡದ ‘-ರೆ’ ಎಷ್ಟು ದೊಡ್ಡ ಸಹಾಯ ಎಂದು ಯಾರೂ ಹೇಳಿಕೊಡುವುದಿಲ್ಲ. ಬಂದರೆ, ಹೋದರೆ, ಮಾಡಿದರೆ ಎಂಬ ರೂಪಗಳನ್ನು ನೋಡಿ. ಅವು ಹುಟ್ಟಿರುವುದು ಬಂದ, ಹೋದ, ಮಾಡಿದ ಎಂಬ ಭೂತಕಾಲದ ರೂಪಗಳಿಂದ. ‘ನಾಳೆ ಮಳೆ ಬಂದರೆ’ ಎನ್ನುವಾಗ ನಾಳೆಯ ಮಾತಿಗೆ ನಾವು ನಿನ್ನೆಯ ರೂಪವನ್ನೇ ಬಳಸುತ್ತಿದ್ದೇವೆ. ಆದ್ದರಿಂದ ‘ಇಫ್ ಐ ವನ್ ದ ಲಾಟರಿ’ ಎಂದು ಭೂತಕಾಲ ಬಂದಾಗ ಬೆಚ್ಚಬೇಕಾಗಿಲ್ಲ. ‘ಇಫ್ ಇಟ್ ವಿಲ್ ರೇನ್’ ಏಕೆ ತಪ್ಪು ಎಂಬುದಕ್ಕೂ ಉತ್ತರ ನಮ್ಮಲ್ಲೇ ಇದೆ: ‘ಬರುತ್ತರೆ’ ಎಂದು ಕನ್ನಡದಲ್ಲಿ ಯಾರೂ ಅನ್ನುವುದಿಲ್ಲ. ‘ನೀವು ಬರುವುದಾದರೆ’ ಎಂಬುದಿದೆಯಲ್ಲ ಎನ್ನಬಹುದು. ಅದಕ್ಕೆ ಇಂಗ್ಲಿಷ್ ‘ಇಫ್ ಯು ಆರ್ ಕಮಿಂಗ್’.

ಆಲೆಮನೆಗೆ ಹೋಗಿ ನಿಂತರೆ ಈ ವಾಕ್ಯಗಳು ತಾವಾಗಿ ಸಿಗುತ್ತವೆ. ಗಾಣದಲ್ಲಿ ಕಬ್ಬು ಅರೆದು, ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಹೊಯ್ಯುತ್ತಾರೆ. ‘ಪಾಕ ಜಾಸ್ತಿ ಕಾದರೆ ಬೆಲ್ಲ ಕಪ್ಪಾಗುತ್ತೆ’ ಎಂಬುದು ಯಾವಾಗಲೂ ನಿಜವಾದ ಮಾತು: ‘ಇಫ್ ಯು ಓವರ್‌ಹೀಟ್ ದ ಸಿರಪ್, ದ ಜ್ಯಾಗರಿ ಟರ್ನ್ಸ್ ಡಾರ್ಕ್’. ಎರಡೂ ಕಡೆ ವರ್ತಮಾನ. ‘ನಾಲೆಗೆ ನೀರು ಬಿಟ್ಟರೆ ಭತ್ತ ಹಾಕ್ತೀವಿ’ ಎಂಬುದು ಆಗಲೂಬಹುದಾದ ಮಾತು: ‘ಇಫ್ ದೇ ರಿಲೀಸ್ ವಾಟರ್, ವಿ ವಿಲ್ ಪ್ಲಾಂಟ್ ಪ್ಯಾಡಿ’. ಇಲ್ಲಿಯವರೆಗೆ ಕಷ್ಟವಿಲ್ಲ.

ಕಷ್ಟ ಬರುವುದು ‘ಇದ್ದಿದ್ದರೆ’ ಎಂಬಲ್ಲಿ. ‘ಇನ್ನೆರಡು ಎಕರೆ ಇದ್ದಿದ್ದರೆ ಹಿಪ್ಪುನೇರಳೆ ಹಾಕ್ತಿದ್ದೆ’ ಎಂದು ಒಬ್ಬ ರೈತ ಹೇಳಿದರೆ, ಅವರು ಹೇಳುತ್ತಿರುವುದು ಈಗಿನ ಮಾತೋ, ಹತ್ತು ವರ್ಷದ ಹಿಂದಿನದೋ? ಕನ್ನಡದಲ್ಲಿ ಎರಡಕ್ಕೂ ಅದೇ ವಾಕ್ಯ ನಡೆಯುತ್ತದೆ, ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಇದನ್ನು ಎರಡಾಗಿ ಸೀಳುತ್ತದೆ. ಈಗಿನದಾದರೆ ‘ಇಫ್ ಐ ಹ್ಯಾಡ್ ಟು ಮೋರ್ ಏಕರ್ಸ್, ಐ ವುಡ್ ಗ್ರೋ ಮಲ್‌ಬೆರಿ’. ಆಗಿನದಾದರೆ ‘ಇಫ್ ಐ ಹ್ಯಾಡ್ ಹ್ಯಾಡ್ ಟು ಮೋರ್ ಏಕರ್ಸ್, ಐ ವುಡ್ ಹ್ಯಾವ್ ಗ್ರೋನ್ ಮಲ್‌ಬೆರಿ’. ಆದ್ದರಿಂದ ‘ಇಫ್’ ಎನ್ನುವ ಮೊದಲು ಮನಸ್ಸಿನಲ್ಲೇ ‘ಈಗಲೋ, ಆಗಲೋ?’ ಎಂದು ಕೇಳಿಕೊಳ್ಳಬೇಕು. ಸೆಕೆಂಡ್ ಕಂಡೀಷನಲ್, ಥರ್ಡ್ ಕಂಡೀಷನಲ್ ಎಂಬ ಹೆಸರು ಮರೆತರೂ ನಷ್ಟವಿಲ್ಲ, ಈ ಪ್ರಶ್ನೆ ಮರೆಯಬಾರದು. ಇನ್ನೊಂದು ಎಚ್ಚರ: ‘ವುಡ್ ಹ್ಯಾವ್’ ಇರಬೇಕಾದದ್ದು ಫಲದ ಕಡೆ, ಷರತ್ತಿನ ಕಡೆ ಅಲ್ಲ. ‘ಇಫ್ ಐ ವುಡ್ ಹ್ಯಾವ್ ನೋನ್’ ಎಂದು ಸಂದರ್ಶನಗಳಲ್ಲಿ ಕೇಳಿಬರುತ್ತದೆ. ‘ಇಫ್ ಐ ಹ್ಯಾಡ್ ನೋನ್’ ಸರಿ. ‘ಗೊತ್ತಿದ್ದಿದ್ದರೆ ಬರ್ತಿದ್ದೆ’ ಎನ್ನುವಾಗಲೂ ‘-ರೆ’ ಇರುವ ಕಡೆ ಒಂದು ರೂಪ, ಇನ್ನೊಂದು ಕಡೆ ಬೇರೆ ರೂಪ ಇದೆ ಎಂಬುದನ್ನು ಗಮನಿಸಿದರೆ ತಪ್ಪುವುದಿಲ್ಲ.

ಹಿಂದೆ ಆದದ್ದರ ಫಲ ಇಂದು ಕಾಣುತ್ತಿದ್ದರೆ ಎರಡು ಕಾಲಗಳು ಒಂದೇ ವಾಕ್ಯದಲ್ಲಿ ಸೇರುತ್ತವೆ. ಪುಸ್ತಕಗಳು ಇದನ್ನು ಮಿಕ್ಸ್‌ಡ್ ಕಂಡೀಷನಲ್ ಎನ್ನುತ್ತವೆ, ಪಾಠದ ಕೊನೆಗೆ ತಳ್ಳುತ್ತವೆ. ಈ ಜಿಲ್ಲೆಯವರಿಗೆ ಅದು ಕೊನೆಯ ಪಾಠವಾಗಬೇಕಾಗಿಲ್ಲ. ಕನ್ನಂಬಾಡಿಯ ಕಟ್ಟೆ, ಅಂದರೆ ಇದೇ ಕೆಆರ್‌ಎಸ್, ಕಟ್ಟುವ ಕೆಲಸ 1911ರಲ್ಲಿ ಶುರುವಾಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಸೀಮೆಯ ಬೆದ್ದಲು ಭೂಮಿಗೆ ನೀರು ತಂದಿತು; ಆ ನೀರಿನಿಂದ ಕಬ್ಬು, ಕಬ್ಬಿನಿಂದ 1933ರ ಮೈಸೂರು ಸಕ್ಕರೆ ಕಂಪನಿ. ‘ಇಫ್ ದೇ ಹ್ಯಾಡ್ ನಾಟ್ ಬಿಲ್ಟ್ ದ ಡ್ಯಾಮ್, ಮಂಡ್ಯ ವುಡ್ ನಾಟ್ ಗ್ರೋ ಸೋ ಮಚ್ ಕೇನ್ ಟುಡೇ’. ಕಟ್ಟದೇ ಹೋಗಿದ್ದರೆ ಎಂಬುದು ಆಗ, ಬೆಳೆಯುತ್ತಿರಲಿಲ್ಲ ಎಂಬುದು ಈಗ. ನಿಮ್ಮ ಊರು, ನಿಮ್ಮ ಮನೆ ಈಗಿರುವಂತೆ ಆಗಲು ಹಿಂದೆ ನಡೆದ ಯಾವುದೋ ಒಂದು ತೀರ್ಮಾನ ಕಾರಣವಾಗಿರುತ್ತದೆ. ಅದನ್ನು ತೆಗೆದುಹಾಕಿದರೆ ಏನಾಗುತ್ತಿತ್ತು ಎಂದು ಇಂಗ್ಲಿಷಿನಲ್ಲಿ ಹೇಳಿ ನೋಡಿ. ಇದಕ್ಕಿಂತ ಹುರುಪಿನ ವ್ಯಾಕರಣಾಭ್ಯಾಸ ನನಗೆ ಗೊತ್ತಿಲ್ಲ.

ಮೋಡಲ್ ಕ್ರಿಯಾಪದಗಳಲ್ಲಿ ಕನ್ನಡಿಗರನ್ನು ಹೆಚ್ಚು ಕಾಡುವುದು ‘ಬೇಕು’. ಒಂದೇ ಪದದಲ್ಲಿ ನಾವು ಆಸೆ, ಅಗತ್ಯ, ಅಪ್ಪಣೆ, ಬುದ್ಧಿವಾದ, ಊಹೆ ಎಲ್ಲವನ್ನೂ ಹೇಳುತ್ತೇವೆ. ‘ನೀನು ಡಾಕ್ಟರ ಹತ್ತಿರ ಹೋಗಬೇಕು’ ಎನ್ನುವಾಗ ಅದು ಸಲಹೆಯೋ, ಒತ್ತಾಯವೋ ದನಿಯಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ದನಿಯ ಕೆಲಸವನ್ನು ಪದ ಮಾಡಬೇಕು. ಸಲಹೆಗೆ ‘ಶುಡ್’. ಹೇಳುವವರದೇ ಒತ್ತಾಯವಾದರೆ ‘ಮಸ್ಟ್’. ಹೊರಗಿನ ನಿಯಮ, ಕಟ್ಟುಪಾಡು ಆದರೆ ‘ಹ್ಯಾವ್ ಟು’. ಆಸೆಯಾದರೆ ‘ವಾಂಟ್ ಟು’. ಇಲ್ಲ ಎನ್ನುವಾಗ ಮಾತ್ರ ಕನ್ನಡ ನಮ್ಮ ಕೈ ಹಿಡಿಯುತ್ತದೆ: ‘ಬರಬೇಕಾಗಿಲ್ಲ’ ಎಂದರೆ ‘ಡೋಂಟ್ ಹ್ಯಾವ್ ಟು ಕಮ್’, ‘ಬರಕೂಡದು’ ಎಂದರೆ ‘ಮಸ್ಟ್ ನಾಟ್ ಕಮ್’. ಇವೆರಡನ್ನೂ ಅದಲುಬದಲು ಮಾಡಿದರೆ ಬರಬೇಕಾದವರು ಬಾಗಿಲಿಂದಲೇ ವಾಪಸು ಹೋದಾರು.

ಈ ‘ಹೋದಾರು’ ಎಂಬ ರೂಪವನ್ನೇ ನೋಡಿ. ಶಾಲೆಯ ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥಕ ಎಂದು ಹೆಸರು. ‘ಬಿದ್ದೀಯ, ಹುಷಾರು’ ಎಂದು ಅಜ್ಜಿಯರು ಮಕ್ಕಳನ್ನು ಎಚ್ಚರಿಸುವುದು ಇದರಲ್ಲೇ. ಇಂಗ್ಲಿಷಿನ ‘ಮೈಟ್’ ಇದಕ್ಕೆ ಹತ್ತಿರದ ನೆಂಟ: ‘ಬಿ ಕೇರ್‌ಫುಲ್, ಯು ಮೈಟ್ ಫಾಲ್’.

ಹಿಂದಿನ ಸಂಗತಿಯ ಬಗ್ಗೆ ಊಹೆ, ವಿಷಾದ, ಆಕ್ಷೇಪ ಹೇಳುವ ಮೋಡಲ್‌ಗಳನ್ನು ಕೋಚಿಂಗ್ ತರಗತಿಗಳಲ್ಲಿ ದೊಡ್ಡ ಗುಡ್ಡದಂತೆ ತೋರಿಸುತ್ತಾರೆ. ಆದರೆ ಕನ್ನಡಕ್ಕೂ ಇಂಗ್ಲಿಷಿಗೂ ಇಲ್ಲಿ ಇರುವಷ್ಟು ಹೊಂದಿಕೆ ಬೇರೆಲ್ಲೂ ಇಲ್ಲ. ಬಂದಿರಬೇಕು, ‘ಮಸ್ಟ್ ಹ್ಯಾವ್ ಕಮ್’. ಬಂದಿರಬಹುದು, ‘ಮೇ ಹ್ಯಾವ್ ಕಮ್’. ಬಂದಿರಲಿಕ್ಕಿಲ್ಲ, ‘ಮೇ ನಾಟ್ ಹ್ಯಾವ್ ಕಮ್’. ಬಂದಿರಲು ಸಾಧ್ಯವೇ ಇಲ್ಲ, ‘ಕಾಂಟ್ ಹ್ಯಾವ್ ಕಮ್’. ಬರಬೇಕಿತ್ತು, ‘ಶುಡ್ ಹ್ಯಾವ್ ಕಮ್’. ಬರಬಹುದಿತ್ತು, ‘ಕುಡ್ ಹ್ಯಾವ್ ಕಮ್’. ಸೂತ್ರ ಇಷ್ಟೇ: ‘ಇರ’ ನಡುವೆ ಬಂದರೆ ಊಹೆ, ಕೊನೆಗೆ ‘ಇತ್ತು’ ಬಂದರೆ ಆಗದೆ ಹೋದದ್ದರ ಬಗ್ಗೆ ಮಾತು. ಮೊದಲು ಕನ್ನಡ ವಾಕ್ಯ ಗಟ್ಟಿಯಾಗಿ ಹೇಳಿ, ಹಿಂದೆಯೇ ಇಂಗ್ಲಿಷ್ ಹೇಳಿ. ಮದ್ದೂರಿನಿಂದ ಹತ್ತಿದ ರೈಲಿನಲ್ಲಿ ಎದುರು ಕೂತವರನ್ನು ನೋಡಿ ಮನಸ್ಸಿನಲ್ಲೇ ಊಹಿಸಿ. ಕೈಯಲ್ಲಿ ಎಣ್ಣೆ ಇಳಿದ ಕಾಗದದ ಪೊಟ್ಟಣ ಇದೆ, ‘ಹಿ ಮಸ್ಟ್ ಹ್ಯಾವ್ ಬಾಟ್ ಮದ್ದೂರ್ ವಡೆ’. ನಿದ್ದೆ ತೂಗುತ್ತಿದ್ದಾರೆ, ‘ಹಿ ಮೇ ಹ್ಯಾವ್ ವರ್ಕ್ಡ್ ಅಟ್ ನೈಟ್’.

‘ಆಗುತ್ತೆ’ ಎಂಬುದಕ್ಕೆ ‘ಕ್ಯಾನ್ ಏಬಲ್ ಟು’ ಬಳಸುವುದನ್ನು ಬಿಡಬೇಕು. ‘ಕ್ಯಾನ್’ ಸಾಕು, ಅಥವಾ ‘ಆಮ್ ಏಬಲ್ ಟು’. ಹಾಗೆಯೇ ಒಂದು ಸಲ ಕಷ್ಟಪಟ್ಟು ಮಾಡಿಮುಗಿಸಿದ್ದಕ್ಕೆ ‘ಕುಡ್’ ಹಾಕುವುದಿಲ್ಲ. ‘ಅಂತೂ ರೈಲು ಹತ್ತಲು ಆಯಿತು’ ಎಂದರೆ ‘ಐ ವಾಸ್ ಏಬಲ್ ಟು ಕ್ಯಾಚ್ ದ ಟ್ರೈನ್’.

ವಿನಯದ ವಿಷಯ ಒತ್ತಿ ಹೇಳಬೇಕಾದದ್ದು. ‘ಒಂದು ಫಾರಂ ಕೊಡಿ’ ಎಂದು ಬ್ಯಾಂಕಿನಲ್ಲಿ ಕೇಳಿದರೆ ಕನ್ನಡದಲ್ಲಿ ಅದು ಮರ್ಯಾದೆಯ ಮಾತೇ. ‘ಕೊಡು’ ಅಲ್ಲ, ‘ಕೊಡಿ’ ಎಂದಿದ್ದೀರಿ. ಗೌರವ ಆ ಬಹುವಚನದಲ್ಲಿದೆ. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದ ಉಳಿದಿಲ್ಲ. ‘ಗಿವ್ ಮಿ ಎ ಫಾರ್ಮ್’ ಎಂದರೆ ‘ಕೊಡು’ ಎಂದಷ್ಟೇ ಕೇಳಿಸುತ್ತದೆ. ಆ ಬಹುವಚನದ ಕೆಲಸವನ್ನು ಅಲ್ಲಿ ಮೋಡಲ್ ಮಾಡುತ್ತದೆ: ‘ಕುಡ್ ಯು ಗಿವ್ ಮಿ ಎ ಫಾರ್ಮ್?’, ‘ಮೇ ಐ ಹ್ಯಾವ್ ಎ ಫಾರ್ಮ್?’ ನಮ್ಮ ಹುಡುಗರು ಬೆಂಗಳೂರಿನ ಕಚೇರಿಗಳಲ್ಲಿ ಒರಟರೆಂದು ಅನ್ನಿಸಿಕೊಳ್ಳುವುದು ಎಷ್ಟೋ ಸಲ ಈ ಒಂದು ಪದ ಇಲ್ಲದ್ದಕ್ಕೆ. ಅವರ ಮನಸ್ಸಿನಲ್ಲಿ ಇದ್ದದ್ದು ‘ಕೊಡಿ’ಯೇ.

ಅಭ್ಯಾಸದ ಕ್ರಮದ ಬಗ್ಗೆ ಎರಡು ಮಾತು. ಬಿಟ್ಟ ಸ್ಥಳ ತುಂಬಿಸುವ ಲೆಕ್ಕಗಳನ್ನು ಎಷ್ಟು ಮಾಡಿದರೂ ಮಾತು ಬರುವುದಿಲ್ಲ, ಏಕೆಂದರೆ ಖಾಲಿ ಜಾಗ ಎಲ್ಲಿದೆ ಎಂದು ಪುಸ್ತಕವೇ ತೋರಿಸಿಕೊಟ್ಟಿರುತ್ತದೆ. ಪುಸ್ತಕ ಬೇಡ ಎಂದಲ್ಲ. ಮರ್ಫಿಯವರ ನೀಲಿ ರಕ್ಷಾಪುಟದ ಪುಸ್ತಕದಲ್ಲಿ ಎಡಪುಟ ವಿವರಣೆ, ಬಲಪುಟ ಅಭ್ಯಾಸ. ಅದು ಮುಗಿದವರಿಗೆ ಮಾರ್ಟಿನ್ ಹ್ಯೂಯಿಂಗ್ಸ್ ಅವರ ಹಸಿರು ರಕ್ಷಾಪುಟದ ‘ಅಡ್ವಾನ್ಸ್ಡ್ ಗ್ರಾಮರ್ ಇನ್ ಯೂಸ್’ ಇದೆ. ಎಡಪುಟ ಓದಿ, ಬಲಪುಟದ ಮೊದಲ ಅಭ್ಯಾಸ ಮಾಡಿ, ಉಳಿದ ಹೊತ್ತನ್ನು ನಿಮ್ಮದೇ ವಾಕ್ಯಗಳಿಗೆ ಇಡಿ. ಫೋನಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಕೇಳುವಾಗ ಒಂದೇ ಒಂದನ್ನು ಹುಡುಕಿ: ಇವತ್ತು ‘ಹ್ಯಾಡ್’ ಮಾತ್ರ, ನಾಳೆ ‘ಇಫ್’ ಮಾತ್ರ. ಹೊರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಬರೆಯುವ ನರ್ಸಿಂಗ್, ಎಂಜಿನಿಯರಿಂಗ್ ಮಕ್ಕಳಿಗೆ ಇದು ನೇರವಾಗಿ ಒದಗುತ್ತದೆ. ಅಲ್ಲಿನ ಮಾತಿನ ಪರೀಕ್ಷೆಯ ಎರಡನೆಯ ಭಾಗದಲ್ಲಿ ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕು, ವ್ಯಾಕರಣಕ್ಕೆ ಕಾಲು ಭಾಗ ಅಂಕ. ಚಾಟ್‌ಜಿಪಿಟಿಯಂಥ ಆ್ಯಪ್ ಬಳಸುವವರು ಪೂರ್ತಿ ತಿದ್ದಿಕೊಡು ಎನ್ನಬೇಡಿ. ಕ್ರಿಯಾಪದ ತಪ್ಪಿದ ಕಡೆ ಗೆರೆ ಎಳೆದು ತೋರಿಸು ಎಂದಷ್ಟೇ ಕೇಳಿ, ತಿದ್ದುವ ಕೆಲಸ ನಿಮ್ಮದಾಗಲಿ.

ಇವತ್ತೇ ಶುರು ಮಾಡಲು ನಾಲ್ಕು ವಾಕ್ಯಗಳು. ಉತ್ತರ ನೋಡುವ ಮೊದಲು ಬಾಯಿಬಿಟ್ಟು ಹೇಳಿ. ‘ನಾವು ಹೋಗುವಷ್ಟರಲ್ಲಿ ಆಲೆಮನೆ ಮುಚ್ಚಿತ್ತು’. ‘2023ರಲ್ಲಿ ಮಳೆ ಕೈಕೊಡದಿದ್ದರೆ ಕಟ್ಟೆ ತುಂಬುತ್ತಿತ್ತು’. ‘ನೀವು ಫೋನ್ ಮಾಡಬಹುದಿತ್ತು’. ‘ಅಪ್ಪ ಮೂರು ದಿನದಿಂದ ಕಬ್ಬು ಕಡಿಸುತ್ತಿದ್ದಾರೆ’.

ಮೊದಲನೆಯದಕ್ಕೆ ‘ಬೈ ದ ಟೈಮ್ ವಿ ರೀಚ್ಡ್, ದ ಆಲೆಮನೆ ಹ್ಯಾಡ್ ಕ್ಲೋಸ್ಡ್’. ಎರಡನೆಯದಕ್ಕೆ ‘ಇಫ್ ದ ರೇನ್ಸ್ ಹ್ಯಾಡ್ ನಾಟ್ ಫೇಲ್ಡ್ ಇನ್ 2023, ದ ಡ್ಯಾಮ್ ವುಡ್ ಹ್ಯಾವ್ ಫಿಲ್ಡ್’. ಮೂರನೆಯದಕ್ಕೆ ‘ಯು ಕುಡ್ ಹ್ಯಾವ್ ಕಾಲ್ಡ್’. ಆಕ್ಷೇಪ ಇನ್ನೂ ಗಟ್ಟಿಯಾಗಬೇಕೆಂದರೆ ‘ಯು ಶುಡ್ ಹ್ಯಾವ್ ಕಾಲ್ಡ್’, ಆದರೆ ಆಗ ಕನ್ನಡವೂ ‘ಮಾಡಬೇಕಿತ್ತು’ ಎಂದಾಗುತ್ತದೆ. ನಾಲ್ಕನೆಯದು ಸ್ವಲ್ಪ ಗಡುಸು: ಕಡಿಯುತ್ತಿರುವವರು ಆಳುಗಳು, ಅಪ್ಪ ಕಡಿಸುತ್ತಿರುವವರು. ಒಂದು ‘ಇಸು’ ಪ್ರತ್ಯಯದಲ್ಲಿ ಕನ್ನಡ ಮುಗಿಸಿದ್ದನ್ನು ಇಂಗ್ಲಿಷ್ ಬಿಡಿಸಿ ಹೇಳುತ್ತದೆ: ‘ಫಾದರ್ ಹ್ಯಾಸ್ ಬೀನ್ ಗೆಟಿಂಗ್ ದ ಕೇನ್ ಕಟ್ ಫಾರ್ ತ್ರೀ ಡೇಸ್’.